ತೇಲುವ ಊರನ್ನು ಕಟ್ಟುವ ತುರ್ಕು

ಫಿನ್‌ಲೆಂಡ್ ದೇಶದ ನೈಋತ್ಯ ಕರಾವಳಿಯಲ್ಲಿ, ಔರಾ ನದಿಯು ಬಾಲ್ಟಿಕ್ ಸಮುದ್ರವನ್ನು ಸೇರುವಲ್ಲಿ ತುರ್ಕು ನಗರವಿದೆ. ನದೀಮುಖದಲ್ಲಿ ಹದಿಮೂರನೆಯ ಶತಮಾನದ ಕೋಟೆಯೊಂದು ಇಂದಿಗೂ ನಿಂತಿದೆ. 1737ರಿಂದ ಹಡಗುಗಳನ್ನು ಕಟ್ಟುತ್ತ ಬಂದಿರುವ ಊರಿದು. ನಗರದ ಪಶ್ಚಿಮಕ್ಕಿರುವ ಪೆರ್ನೊ ಎಂಬಲ್ಲಿನ ಹಡಗುಕಟ್ಟೆಯ ಭಾರಿ ಕ್ರೇನು ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಕುಟುಂಬಗಳ ವಿಹಾರಕ್ಕೆಂದೇ ರೂಪಿಸಿದ ‘ಐಕಾನ್ ಆಫ್ ದಿ ಸೀಸ್’ ಎಂಬ ಮಹಾನೌಕೆಯು ಹುಟ್ಟಿದ್ದು ಇಲ್ಲಿಯೇ.

ನಾವು ಮನೆ ಕಟ್ಟುವಾಗ ಮೊದಲು ಪಾಯ, ಬಳಿಕ ಗೋಡೆ, ಕೊನೆಗೆ ಮಾಡು. ಹಡಗಿನ ಕ್ರಮವೇ ಬೇರೆ. ಉಕ್ಕಿನ ಹಲಗೆಗಳನ್ನು ಕತ್ತರಿಸಿ, ಬೆಸೆದು, ಕೊಳವೆ ಮತ್ತು ತಂತಿಗಳ ಸಮೇತ ದೊಡ್ಡ ದೊಡ್ಡ ಖಂಡಗಳನ್ನು ಮೊದಲು ಸಿದ್ಧಪಡಿಸುತ್ತಾರೆ. ಅನಂತರ ಅವುಗಳನ್ನು ಕ್ರೇನಿನಿಂದ ಎತ್ತಿ, ನೀರಿಲ್ಲದ ಹೊಂಡದಲ್ಲಿ ಒಂದಕ್ಕೊಂದು ಜೋಡಿಸುತ್ತಾರೆ. ಮಲಗುವ ಕೋಣೆಗಳು ಸ್ನಾನದ ಮನೆಯೊಡನೆ ಬೇರೆಡೆ ಪೂರ್ಣಗೊಂಡು ಬಂದು, ಗೂಡಿನೊಳಗೆ ಪೆಟ್ಟಿಗೆ ತಳ್ಳಿದಂತೆ ಒಳಸೇರುತ್ತವೆ. ಈ ನೌಕೆಗೆ 2021ರ ಜೂನ್‌ನಲ್ಲಿ ಮೊದಲ ಉಕ್ಕನ್ನು ಕತ್ತರಿಸಲಾಯಿತು. 2022ರ ಡಿಸೆಂಬರ್‌ನಲ್ಲಿ ಹೊಂಡಕ್ಕೆ ನೀರು ಬಿಟ್ಟು ಅದನ್ನು ತೇಲಿಸಲಾಯಿತು. 2023ರ ನವೆಂಬರ್‌ನಲ್ಲಿ ಅದು ಒಡೆಯರ ಕೈಸೇರಿತು.

365 ಮೀಟರ್ ಉದ್ದ, 20 ಅಂತಸ್ತು, 2,350ರಷ್ಟು ಸಿಬ್ಬಂದಿ, ಕೋಣೆಗೆ ಇಬ್ಬರಂತೆ ಎಣಿಸಿದರೂ 5,610 ಪ್ರಯಾಣಿಕರು! ಇಷ್ಟೊಂದು ಜನರನ್ನು ಒಂದೆಡೆ ನೂಕುನುಗ್ಗಲಾಗದಂತೆ ಇರಿಸುವುದು ಹೇಗೆ? ವಿನ್ಯಾಸಕಾರರು ಹಡಗನ್ನು ಎಂಟು ಕೇರಿಗಳಾಗಿ ವಿಂಗಡಿಸಿದ್ದಾರೆ. ಹಿಂಭಾಗದ ಕೇರಿಯು ಎಳೆಯ ಮಕ್ಕಳಿರುವ ಸಂಸಾರಗಳಿಗೆ ಮೀಸಲು. ಮಕ್ಕಳ ನೀರಾಟ, ಹಿರಿಯರ ವಿಶ್ರಾಂತಿ, ಊಟ ಎಲ್ಲವೂ ಅಲ್ಲಿ ಅಕ್ಕಪಕ್ಕದಲ್ಲಿಯೇ. ಕೂಸು ಕಣ್ಣಳತೆಯಲ್ಲಿದ್ದರೆ ತಾಯಿಯ ಮನಸ್ಸು ನಿರಾಳವೆಂಬ ಸರಳ ಸತ್ಯವೇ ಈ ರಚನೆಯ ತಳಹದಿ. ನಡುಭಾಗವನ್ನು ಆಕಾಶಕ್ಕೆ ತೆರೆದಿಟ್ಟು, ನಮ್ಮ ತೊಟ್ಟಿಮನೆಯಂತೆ, ಒಳಗಿನ ಕೋಣೆಗಳಿಗೂ ಬೆಳಕು ಬರುವಂತೆ ಮಾಡಿ, ಅಲ್ಲಿ ನಿಜವಾದ ಗಿಡಮರಗಳನ್ನು ಬೆಳೆಸಿದ್ದಾರೆ.

ಆದರೆ ಹಡಗಿನ ಹಿರಿಮೆ ಕಣ್ಣಿಗೆ ಕಾಣುವ ವೈಭವದಲ್ಲಿಲ್ಲ. ಇಂಜಿನು, ಇಂಧನ, ನೀರಿನ ತೊಟ್ಟಿಗಳೆಂಬ ಭಾರವೆಲ್ಲ ತಳದಲ್ಲಿರುವುದರಿಂದಲೇ ಅಷ್ಟೆತ್ತರದ ಕಟ್ಟಡ ಅಲೆಗಳ ಮೇಲೆ ನೆಟ್ಟಗೆ ನಿಲ್ಲುತ್ತದೆ. ನೀರು ನುಗ್ಗಿದರೂ ಹರಡದಂತೆ ಒಡಲನ್ನು ಅಡ್ಡಗೋಡೆಗಳು ಭಾಗಿಸುತ್ತವೆ. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಅದರಲ್ಲಿ ಎಲ್ಲರಿಗೂ ಸಾಲುವಷ್ಟು ರಕ್ಷಣಾ ದೋಣಿಗಳಿರಲಿಲ್ಲ. ಆ ದುರಂತದಿಂದಲೇ 1914ರಲ್ಲಿ ಸಾಗರ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ ಮೂಡಿತು. 2010ರ ಜುಲೈ ನಂತರ ಕಟ್ಟುವ ದೊಡ್ಡ ಪ್ರಯಾಣಿಕ ಹಡಗುಗಳಿಗೆ ಇನ್ನೊಂದು ನಿಯಮವಿದೆ: ಒಂದು ಇಂಜಿನು ಕೋಣೆಗೆ ಬೆಂಕಿ ಬಿದ್ದರೂ, ನಿಯಮಿತ ಮಿತಿಯೊಳಗಿನ ಹಾನಿಯಾಗಿದ್ದರೆ, ಉಳಿದದ್ದರ ಬಲದಿಂದಲೇ ಹಡಗು ಬಂದರಿಗೆ ಮರಳಬೇಕು. ಹಡಗೇ ತನ್ನ ಜನರ ಮೊದಲ ರಕ್ಷಣಾ ದೋಣಿಯಾಗಬೇಕೆಂಬುದು ಇದರ ತಾತ್ಪರ್ಯ.

ಈ ನೌಕೆ ದ್ರವರೂಪದ ನೈಸರ್ಗಿಕ ಅನಿಲದಿಂದ ಓಡುತ್ತದೆ. ಹಳೆಯ ಎಣ್ಣೆಗಿಂತ ಹೊಗೆ, ಗಂಧಕ ಕಡಿಮೆ. ಆದರೆ ಸುಡದೆ ಸೋರುವ ಮೀಥೇನು ಭೂಮಿಯ ತಾಪವನ್ನು ಹೆಚ್ಚಿಸುತ್ತದೆಂಬ ಪರಿಸರವಾದಿಗಳ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಒಳಗಿನ ಮಕ್ಕಳನ್ನು ಇಷ್ಟು ಜತನದಿಂದ ಕಾಯುವ ಜಾಣ್ಮೆಯು ಹೊರಗಿನ ಕಡಲನ್ನೂ ಕಾಯಲು ಕಲಿಯಬೇಕಾಗಿದೆ. ಏಕೆಂದರೆ ಆ ಮಕ್ಕಳು ನಾಳೆ ಬಾಳಬೇಕಾದುದು ಹಡಗಿನಲ್ಲಲ್ಲ, ಈ ಭೂಮಿಯ ಮೇಲೆ.