ಮೇಗರವಳ್ಳಿಗೆ ಬಸ್ಸಿದೆ

ತೀರ್ಥಹಳ್ಳಿಯ ಬಸ್ ನಿಲ್ದಾಣದಲ್ಲಿ ಆಗುಂಬೆ ಬಸ್ಸಿನ ಬೋರ್ಡು ಓದುತ್ತಿದ್ದಂತೆ ಮೈ ಜುಮ್ಮೆಂದಿತು. ನಡುವಿನ ಊರುಗಳ ಸಾಲಿನಲ್ಲಿ ಮೇಗರವಳ್ಳಿಯ ಹೆಸರಿತ್ತು. ಹಿಂದಿನ ರಾತ್ರಿಯಷ್ಟೇ ಆ ಊರನ್ನು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಓದಿದ್ದೆ. ಕುವೆಂಪು ಅವರೇ ಕಲ್ಪಿಸಿದ ಊರೆಂದುಕೊಂಡಿದ್ದೆ. ನೋಡಿದರೆ ಅಲ್ಲಿಗೆ ಟಿಕೆಟ್ ಕೊಡುತ್ತಾರೆ!

ನಾನು ಸಿಂಧನೂರು ಕಡೆಯವಳು. ನಮ್ಮ ಎರೆಹೊಲದ ಬದುವಿನ ಮೇಲೆ ನಿಂತರೆ ಮುಂದಿನೂರಿನ ಗುಡಿ ಕಾಣುತ್ತದೆ. ಹಾಗಾಗಿಯೋ ಏನೋ, 1967ರಲ್ಲಿ ಬಂದ ಈ ಕಾದಂಬರಿ ಮೊದಲ ಓದಿಗೆ ನನಗೆ ದಕ್ಕಲೇ ಇಲ್ಲ. ಗುತ್ತಿ ತನ್ನ ನಾಯಿ ಹುಲಿಯನನ್ನು ಕರೆದುಕೊಂಡು ಹೊರಡುತ್ತಾನೆ. ಇವನೇ ನಾಯಕ ಎಂದು ಬೆನ್ನು ಹತ್ತಿದೆ. ದಾರಿಯಲ್ಲೊಂದು ಮನೆ ಬಂತು, ಆ ಮನೆಯವರ ಕಷ್ಟಸುಖ ಬಂತು, ಐತ ಬಂದ, ಪೀಂಚಲು ಬಂದಳು. ಗುತ್ತಿ ಎಲ್ಲಿ ಹೋದ? ಹಿಂದಿನ ಪುಟಗಳನ್ನು ತಿರುವಿ ತಿರುವಿ ಸೋತೆ.

ಗೆಳತಿಯ ಜೊತೆ ಕುವೆಂಪು ಅವರ ಊರು ಕುಪ್ಪಳಿಗೆ ಹೊರಟಿದ್ದು ಜುಲೈ ತಿಂಗಳಲ್ಲಿ. ಕೊನೆಯ ಒಂದಷ್ಟು ದೂರ ನಡೆದೇ ಹೋದೆವು. ಎರಡೂ ಕಡೆ ಮರ, ಮರದ ಹಿಂದೆ ಮರ. ಆಕಾಶ ತಲೆಯ ಮೇಲೆ ಒಂದು ಪಟ್ಟಿಯಷ್ಟೇ. ಕಾಣುವುದು ಮುಂದಿನ ತಿರುವು ಮಾತ್ರ. ತಿರುಗಿದರೆ ಮತ್ತೊಂದು ತಿರುವು. ಹಿಮ್ಮಡಿಯ ಹತ್ತಿರ ತಣ್ಣಗೆ ಏನೋ ತಾಗಿದಂತಾಯಿತು. ಬಗ್ಗಿ ನೋಡಿದರೆ ದಾರದಂತಿದ್ದ ಇಂಬಳ ಕುಡಿದು ಕುಡಿದು ದ್ರಾಕ್ಷಿಯಷ್ಟಾಗಿತ್ತು. ನೋವೇ ಇಲ್ಲ. ಕಿತ್ತ ಮೇಲೂ ರಕ್ತ ನಿಲ್ಲಲಿಲ್ಲ. ಅಲ್ಲೇ ಮಳೆಯಲ್ಲಿ ನಿಂತಾಗ ಹೊಳೆಯಿತು: ಈ ಕಾಡಿನಲ್ಲಿ ಯಾರನ್ನೂ ದೂರದಿಂದ ನೋಡುವಂತಿಲ್ಲ. ಒಂದು ತಿರುವಿನಲ್ಲಿ ಎದುರಾದವರು ಮುಂದಿನ ತಿರುವಿಗೆ ಮರೆ. ಮರೆಯಾದವರ ಬದುಕು ಮಾತ್ರ ಆಚೆ ನಡೆದೇ ಇರುತ್ತದೆ. ಗುತ್ತಿ ಕಳೆದುಹೋಗಿರಲಿಲ್ಲ, ನನ್ನ ಕಣ್ಣಿಗೆ ಮರೆಯಾಗಿದ್ದ!

ಕವಿಮನೆಯ ಕಂಬಗಳನ್ನು ಮುಟ್ಟಿ ನೋಡಿದೆ. ಕವಿಶೈಲದ ಬಂಡೆಗಳ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಎರಡು ಮಾರು ಆಚೆಯಿದ್ದ ಗೆಳತಿ ಬರೀ ದನಿಯಾಗಿದ್ದಳು. 1994ರಲ್ಲಿ ಕುವೆಂಪು ಅವರ ಅಂತ್ಯಸಂಸ್ಕಾರ ನಡೆದದ್ದು ಇಲ್ಲೇ. ಚಪ್ಪಲಿ ಬಿಟ್ಟು ತುಂಬ ಹೊತ್ತು ಕೂತೆ.

ಸಂಜೆ ತೀರ್ಥಹಳ್ಳಿಯ ಕಮಾನು ಸೇತುವೆಯ ಮೇಲೆ ನಿಂತಾಗ ತುಂಗೆ ಕೆಂಪಾಗಿ ತುಂಬಿ ಹರಿಯುತ್ತಿದ್ದಳು. ಪ್ಲಾಸ್ಟಿಕ್ ಚೀಲದಲ್ಲಿದ್ದ ಪುಸ್ತಕದ ಹೆಸರನ್ನು ಪಕ್ಕದಲ್ಲಿದ್ದ ಹಿರಿಯರೊಬ್ಬರು ಕೊಡೆ ಓರೆ ಮಾಡಿ ಓದಿದರು.

“ಎಲ್ಲೀತನಕ ಬಂತು ತಂಗೀ?”

“ಇನ್ನೂ ಅರ್ಧವೂ ಆಗಿಲ್ಲ ಅಜ್ಜ.”

“ಹುಲಿಯ ಇದ್ದಾನಾ?”

“ಇದ್ದಾನೆ. ಗುತ್ತಿಯ ಹಿಂದೆಯೇ ಇದ್ದಾನೆ.”

ಅಜ್ಜ ಹೊಳೆಯ ಕಡೆ ನೋಡಿದರು. ಆಮೇಲೆ ಏನೂ ಹೇಳಲಿಲ್ಲ.