ಸೊಕ್ಕಿದ್ದವರ ಯಾಣಕ್ಕೆ ನಾನೂ ಹೋದೆ

‘ರೊಕ್ಕ ಇದ್ದವರು ಗೋಕರ್ಣಕ್ಕೆ, ಸೊಕ್ಕು ಇದ್ದವರು ಯಾಣಕ್ಕೆ’ ಎಂಬ ಮಾತು ನಮ್ಮ ಉತ್ತರ ಕನ್ನಡದ ಕಡೆ ಬಹಳ ಹಳೆಯದು. ಗೋಕರ್ಣದಲ್ಲಿ ಪೂಜೆ, ದಕ್ಷಿಣೆ ಎಂದು ಕೈಯಲ್ಲಿ ಕಾಸಿರಬೇಕು. ಯಾಣಕ್ಕಾದರೆ ದಟ್ಟ ಕಾಡು ದಾಟುವ ಗುಂಡಿಗೆ ಬೇಕು, ಗಟ್ಟಿ ಕಾಲು ಬೇಕು.

ನಾನು ಹುಟ್ಟಿದ್ದು ಕುಮಟಾ ತಾಲ್ಲೂಕಿನಲ್ಲೇ. ಆದರೂ ಮದುವೆಯಾಗಿ ಮೈಸೂರು ಸೇರುವವರೆಗೆ ಯಾಣ ಕಂಡವಳಲ್ಲ. ಶಿವರಾತ್ರಿ ಜಾತ್ರೆಗೆ ಮನೆಯ ಗಂಡಸರು ಬುತ್ತಿ ಕಟ್ಟಿಕೊಂಡು ನಡೆದೇ ಹೊರಡುತ್ತಿದ್ದರು. ‘ಅದೆಲ್ಲ ಹುಡುಗಿಯರಿಗಲ್ಲ’ ಎಂದು ಅಪ್ಪಯ್ಯ ನಮ್ಮನ್ನು ಜಗುಲಿಯಿಂದ ಕೆಳಗಿಳಿಯಲು ಬಿಡುತ್ತಿರಲಿಲ್ಲ. ಈಗ ನನಗೆ 68 ವರ್ಷ, ಎಡ ಮಂಡಿಗೆ ಬಿಗಿಪಟ್ಟಿ. ಈ ಫೆಬ್ರುವರಿಯಲ್ಲಿ ಮೊಮ್ಮಕ್ಕಳಿಬ್ಬರನ್ನು ಕಟ್ಟಿಕೊಂಡು ತವರಿಗೆ ಹೋದಾಗ ಅಣ್ಣನಿಗೆ ಹೇಳಿಬಿಟ್ಟೆ: ‘ಈ ಸಲ ಆಗದಿದ್ದರೆ ಇನ್ನು ಆಗೋದಿಲ್ಲ.’ ಅಣ್ಣ ನನ್ನ ಮಂಡಿ ನೋಡಿದ, ಮುಖ ನೋಡಿದ, ಸುಮ್ಮನೆ ಒಂದು ಬೆತ್ತದ ಕೋಲು ತಂದುಕೊಟ್ಟ.

ಈಗ ಕಾರು ಬಹಳ ಹತ್ತಿರದವರೆಗೂ ಹೋಗುತ್ತದೆ. ಆಮೇಲೆ ಕಾಡಿನೊಳಗೆ ನಡಿಗೆ, ಕೊನೆಗೆ ಮೆಟ್ಟಿಲು. ಪಕ್ಕದಲ್ಲಿ ಚಂಡಿಹೊಳೆಯ ಸದ್ದು. ಈ ಹೊಳೆ ಮುಂದೆ ಅಘನಾಶಿನಿಯನ್ನು ಸೇರಿ ಕಡಲಿಗೆ ಹೋಗುತ್ತದೆ. ಹತ್ತು ಮೆಟ್ಟಿಲಿಗೊಮ್ಮೆ ನಾನು ಕೂರುತ್ತಿದ್ದೆ. ಐದನೇ ಕ್ಲಾಸಿನ ಮೊಮ್ಮಗಳು ಮೊದಲು ಓಡಿಹೋಗಿ, ತಿರುಗಿ ಬಂದು, ‘ಅಮ್ಮಮ್ಮ, ಇನ್ನೂ ಸ್ವಲ್ಪವೇ’ ಎನ್ನುತ್ತಿದ್ದಳು. ನಾಲ್ಕು ಸಲ ಹೀಗೆ ಹೇಳಿದಳು. ಮಕ್ಕಳ ‘ಸ್ವಲ್ಪ’ವನ್ನು ನಂಬಬಾರದು!

ತಟ್ಟನೆ ಮರಗಳ ಸಂದಿಯಲ್ಲಿ ಕಪ್ಪು ಗೋಡೆಯೊಂದು ಎದ್ದು ನಿಂತಿತು. ಭೈರವೇಶ್ವರ ಶಿಖರ. ಎತ್ತರ ಸುಮಾರು 120 ಮೀಟರ್, ಅಂದರೆ 40 ಮಹಡಿಯ ಕಟ್ಟಡದಷ್ಟು. ಸ್ವಲ್ಪ ದೂರದ ಮೋಹಿನಿ ಶಿಖರ ಸುಮಾರು 90 ಮೀಟರ್. ಭಸ್ಮಾಸುರನಿಗೆ ಹೆದರಿ ಶಿವ ಅಡಗಿದ್ದು ಇಲ್ಲಿ, ಮೋಹಿನಿ ಕುಣಿದು ಅಸುರನ ಕೈಯನ್ನು ಅವನ ತಲೆಯ ಮೇಲೇ ಇಡಿಸಿದ್ದು ಇಲ್ಲಿ, ಅವನು ಸುಟ್ಟ ಉರಿಗೆ ಬಂಡೆಯೂ ಮಣ್ಣೂ ಕಪ್ಪಾದವು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಎಂಟನೇ ಕ್ಲಾಸಿನ ಮೊಮ್ಮಗ ಒಪ್ಪಲಿಲ್ಲ: ‘ಇದು ಸುಣ್ಣದ ಕಲ್ಲು, ಅಮ್ಮಮ್ಮ.’ ಅವನು ಹೇಳಿದ್ದೂ ನಿಜ. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಹುಳಿಯಾಗುತ್ತದೆ. ಆ ನೀರು ಸುಣ್ಣದ ಕಲ್ಲನ್ನು ಲಕ್ಷಾಂತರ ವರ್ಷ ಕರಗಿಸಿ ಕರಗಿಸಿ ಹೀಗೆ ಚೂಪುಚೂಪಾಗಿ ಕೊರೆದಿದೆ. ಮಕ್ಕಳೇ, ಕಡಲತೀರದ ಚಿಪ್ಪೊಂದನ್ನು ಪುಡಿಮಾಡಿ ಮೇಲೆ ಲಿಂಬೆರಸ ಹಿಂಡಿ ನೋಡಿ, ಗುಳ್ಳೆ ಏಳುತ್ತದೆ. ಆ ಚಿಪ್ಪಿನಲ್ಲಿರುವುದೂ ಇದೇ ಸುಣ್ಣ. ನನಗಂತೂ ಎರಡು ಕತೆಯೂ ಬೇಕು.

ಗುಹೆಯಲ್ಲಿ ಲಿಂಗದ ಮೇಲೆ ಕಲ್ಲಿನಿಂದಲೇ ನೀರು ತೊಟ್ಟಿಕ್ಕುತ್ತದೆ. ದರ್ಶನವಾದ ಮೇಲೆ ಬಂಡೆಯ ಸೀಳಿನೊಳಗೆ ಬರಿಗಾಲಲ್ಲಿ ಸುತ್ತು ಬರಬಹುದು. ‘ನೀನು ಇಲ್ಲೇ ಕೂತಿರು’ ಎಂದ ಅಣ್ಣ. ಅಪ್ಪಯ್ಯನದೇ ದನಿ! ಕೋಲನ್ನು ಅವನ ಕೈಗೇ ಕೊಟ್ಟು, ಮೊಮ್ಮಕ್ಕಳ ಹೆಗಲು ಹಿಡಿದು ಹೊರಟೆ. ಒಳಗೆ ತಂಪು, ಬಾವಲಿಯ ವಾಸನೆ, ತಲೆಯ ಮೇಲೆ ಎಲ್ಲೋ ಒಂದು ಚೂರು ಆಕಾಶ. ಒಂದು ಕಡೆ ಕಲ್ಲು ಎತ್ತರವಿತ್ತು, ಮಂಡಿ ಮೇಲೇಳಲಿಲ್ಲ. ಮೊಮ್ಮಗ ಕೆಳಗೆ ಕೂತು ತನ್ನ ತೊಡೆಯನ್ನೇ ಮೆಟ್ಟಿಲು ಮಾಡಿದ. ಆಚೆ ಬದಿಯಲ್ಲಿ ಬಿಸಿಲಿಗೆ ಬಂದಾಗ ಅಣ್ಣ ಕೋಲು ಹಿಡಿದು ಕಾಯುತ್ತಿದ್ದ, ಏನೂ ಹೇಳಲಿಲ್ಲ.

ಹೋಗುವವರಿಗೆ ಒಂದು ಮಾತು. ಬಂಡೆಯ ಮೇಲೆ ಹೆಜ್ಜೇನಿನ ಗೂಡುಗಳು ತೂಗುತ್ತಿರುತ್ತವೆ. ಕೂಗಾಟ, ಹೊಗೆ ಖಂಡಿತ ಬೇಡ. ಮಳೆಗಾಲದಲ್ಲಿ ಕಲ್ಲು ಜಾರುತ್ತದೆ, ಜಿಗಣೆಯೂ ಇರುತ್ತದೆ. ಹಿರಿಯರಿಗೆ ಚಳಿಗಾಲವೇ ವಾಸಿ. ಹತ್ತಿರದ ವಿಭೂತಿ ಜಲಪಾತದಲ್ಲಿ ಮಕ್ಕಳು ಮನಸಾರೆ ನೀರಾಡಿದರು, ನಾನು ದಡದಲ್ಲಿ ಕಾಲು ಇಳಿಬಿಟ್ಟು ಕೂತೆ.

ಮನೆಗೆ ಬಂದಾಗ ಎಲೆ ಹಾಕಿತ್ತು. ಕಗ್ಗದ ಅಕ್ಕಿಯ ಅನ್ನ, ಒಂದೆಲಗದ ತಂಬುಳಿ, ಅಪ್ಪೆಹುಳಿ. ಕಗ್ಗ ಎಂದರೆ ಅಘನಾಶಿನಿ ಕಡಲು ಸೇರುವ ಕಡೆ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಬೆಳೆಯುವ ಭತ್ತ. ಬೇರೆ ಭತ್ತ ಸಾಯುವಲ್ಲಿ ಇದು ಬದುಕುತ್ತದೆ. ಬೆಳೆಯುವವರು ಮಾತ್ರ ಕಡಿಮೆಯಾಗುತ್ತಿದ್ದಾರೆ. ಅಪ್ಪೆಹುಳಿ ಬಲು ಸುಲಭ: ಮಾವಿನಕಾಯಿ ಬೇಯಿಸಿ, ಕಿವುಚಿ, ನೀರು, ಉಪ್ಪು, ಚೂರು ಬೆಲ್ಲ ಹಾಕಿ, ಸಾಸಿವೆ, ಇಂಗು, ಮೆಣಸಿನ ಒಗ್ಗರಣೆ ಕೊಟ್ಟರಾಯಿತು. ಲೋಟದಲ್ಲಿ ಕುಡಿದರೆ ಸೊಗಸಾದ ನಿದ್ದೆ. ಮೊಮ್ಮಗ ಎರಡು ಲೋಟ ಕುಡಿದು ಜಗುಲಿಯಲ್ಲೇ ಉರುಳಿಕೊಂಡ.

ಸಂಜೆ ಅತ್ತಿಗೆ ತೊಡದೇವಿಗೆ ಕೂತಳು. ಆಲೆಮನೆಯ ಕಾಲವಲ್ಲವೇ? ಕಬ್ಬಿನ ಹಾಲಿನಲ್ಲಿ ಅಕ್ಕಿಯನ್ನು ನುಣ್ಣಗೆ ರುಬ್ಬಿಟ್ಟಿದ್ದಳು. ಒಲೆಯ ಮೇಲೆ ಮಣ್ಣಿನ ಮಡಕೆ ಬೋರಲು. ಕೋಲಿಗೆ ಸುತ್ತಿದ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ, ಮಡಕೆಯ ಬೆನ್ನ ಮೇಲೆ ಒಂದೇ ಬೀಸಿಗೆ ತೊಡೆಯಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಕಾಗದದಂಥ ಹಾಳೆ. ಅದನ್ನು ಬಿಸಿಯಿರುವಾಗಲೇ ಎಬ್ಬಿಸಿ ಮಡಚಬೇಕು, ಆರಿದರೆ ಪುಡಿ. ‘ಈ ಕೇರಿಯಲ್ಲಿ ಇನ್ನು ತೊಡೆಯುವವಳು ನಾನೊಬ್ಬಳೇ. ಸೊಸೆಗೆ ಊರಿಗೆ ಬರಲು ರಜೆಯೇ ಸಿಗೋದಿಲ್ಲ’ ಎಂದಳು. ಅಷ್ಟು ಕೇಳಿದ್ದೇ ತಡ, ಮೊಮ್ಮಗಳು ಲಂಗ ಸುತ್ತಿಕೊಂಡು ಒಲೆಯ ಮುಂದೆ ಕೂತಳು.

ಮೊದಲನೆಯದು ಹರಿಯಿತು. ಎರಡನೆಯದು ಮಡಕೆಗೇ ಅಂಟಿಕೊಂಡಿತು. ಮೂರನೆಯದನ್ನು ನಾನೇ ತುಪ್ಪ ಹಚ್ಚಿ ತಿಂದೆ, ಅದಕ್ಕೆ ಆಕಾರ ಎಂಬುದೇ ಇರಲಿಲ್ಲ. ಏಳನೆಯದು ಅಂಚೂ ಮುಕ್ಕಾಗದೆ ಎದ್ದುಬಂತು. ಅತ್ತಿಗೆ ಅದನ್ನು ದೀಪಕ್ಕೆ ಹಿಡಿದು ನೋಡಿ, ಮಡಚಿ, ತನ್ನ ಡಬ್ಬಿಯೊಳಗೆ ಎಲ್ಲಕ್ಕಿಂತ ಮೇಲೆ ಇಟ್ಟಳು.