ಲಕ್ಕಮ್ಮ ತಾಯಿಯ ನೋಟ

12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದರು. ಒಂದು ದಿನ ಅಕ್ಕಿ ಹೆಚ್ಚಾಗಿ ಬಂದಾಗ, ಅದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮ ತಾಯಿ ಹೇಳಿದರು. ಅಕ್ಕಿ ಕಾಯಕದಿಂದಲೇ ಬಂದದ್ದು. ಆದರೂ ಪತಿಯ ಮನದಲ್ಲಿ ಮೊಳೆತ ಆಸೆಯನ್ನು ಆ ತಾಯಿ ಕಂಡರು.

ನನ್ನ ಪಾಲಿಗೆ ಅಧ್ಯಾತ್ಮವೆಂದರೆ ಈ ನೋಟವೇ. ಮೊಬೈಲ್ ಒತ್ತಿದರೆ ಬೇಕಾದದ್ದು ಬಾಗಿಲಿಗೆ ಬರುವ ಕಾಲವಿದು. ಸಂಪಾದನೆ ಪ್ರಾಮಾಣಿಕವಾದುದೆಂಬ ಸಮಾಧಾನವೊಂದೇ ಸಾಲದು. ಹಣ ಕೊಡುವ ಮುನ್ನ ‘ಇದು ಅಗತ್ಯವೋ, ಆಸೆಯೋ?’ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಮನಸ್ಸು ಆಸೆಗೆ ಅಗತ್ಯವೆಂಬ ಹೆಸರಿಟ್ಟು ವಾದಿಸುತ್ತದೆ. ಆ ವಾದವನ್ನು ಗುರುತಿಸುವುದೇ ತನ್ನ ತಾನರಿಯುವ ಮೊದಲ ಮೆಟ್ಟಿಲು.

ಮಡದಿಯ ಮಾತನ್ನು ಮಾರಯ್ಯನವರು ಒಪ್ಪಿ ನಡೆದರು. ನಿಜ ನುಡಿಯುವವರು ನಮ್ಮ ಮನೆಯಲ್ಲಿಯೂ ಇರುತ್ತಾರೆ. ಕೇಳುವ ಕಿವಿ ನಮ್ಮದಾಗಲಿ.